ಒಳಗೆ ಬಂದ ಪುಟಕ್ಕೂ ಹೊರಗಿನ ನಿಯಮ: ಗಣಕದಲ್ಲಿ ಉಳಿಸಿಟ್ಟ ವೆಬ್‌ಪುಟಗಳು ಮತ್ತು ಬ್ರೌಸರಿನ ತಡೆ

(ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಹೊಳೆಬಾಗಿಲು ಎಂಬ ಹೆಸರನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರದ ಸೀಮೆಯನ್ನು ಹಾದು ಸಾಗರದ ಸೀಮೆಗೆ ಬಂದಾಗ, ಲಿಂಗನಮಕ್ಕಿಯ ಅಣೆಕಟ್ಟು ಅದನ್ನು ತಡೆದು ಸಮುದ್ರದಂತೆ ಹರಡಿಸಿತು. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ದಡದ ಈಚೆಗಿದ್ದವರಿಗೂ ಆಚೆಗಿದ್ದವರಿಗೂ ಲಾಂಚೇ ಬಾಗಿಲಾಯಿತು. ಕಳಸವಳ್ಳಿ, ತುಮರಿ, ಸಿಗಂದೂರುಗಳ ಕಡೆಗೆ ಹೋಗುವ ಹೆಣ್ಣು ಮದುವಣಗಿತ್ತಿಯಿಂದ ಹಿಡಿದು ಅಡಿಕೆ ಮೂಟೆಯವರೆಗೆ, ಪಡಿತರದ ಅಕ್ಕಿಯಿಂದ ಹಿಡಿದು ಮತಪೆಟ್ಟಿಗೆಯವರೆಗೆ ಎಲ್ಲವೂ ಆ ಬಾಗಿಲಿನಲ್ಲಿ ಸರದಿ ನಿಂತು ದಾಟಬೇಕಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು. ಬಸ್ಸುಗಳು ನೀರಿನ ಮೇಲೆಯೇ ಓಡಾಡತೊಡಗಿದವು. ಆದರೆ ಸೇತುವೆಯ ಮೇಲೆ ಬಸ್ಸು ದಾಟಿದಷ್ಟು ಸುಲಭವಾಗಿ ಮೊಬೈಲ್ ಸಂಕೇತವು ಹಿನ್ನೀರಿನ ಊರುಗಳನ್ನೂ ಘಟ್ಟದ ಕಣಿವೆಗಳನ್ನೂ ದಾಟುವುದಿಲ್ಲ. ಗುಡ್ಡದ ನೆತ್ತಿಗೆ ಹೋಗಿ ನೆಟ್‌ವರ್ಕ್ ಹುಡುಕಿದ ಅನುಭವ ಈ ಮೂರೂ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ 2020ರಿಂದ ಈಚೆಗೆ ಹೊಸದಲ್ಲ.

ಸಂಪರ್ಕ ದುರ್ಬಲವಾಗಿರುವಲ್ಲಿ ಕಡತವು ಪೆನ್‌ಡ್ರೈವಿನಲ್ಲಿ ಪ್ರಯಾಣ ಮಾಡುತ್ತದೆ. ತಾಲ್ಲೂಕು ಕೇಂದ್ರದಲ್ಲಿ ನೆಟ್‌ವರ್ಕ್ ಇರುವ ಕಡೆ ಇಳಿಸಿಕೊಂಡು, ಚೀಲದಲ್ಲಿಟ್ಟುಕೊಂಡು, ಪಂಚಾಯಿತಿ ಕಚೇರಿಗೆ ತಂದು ತೆರೆಯುವುದು ರೂಢಿ. ಹೀಗೆ ಬರುವ ಕಡತಗಳಲ್ಲಿ ಪಿಡಿಎಫ್ ಇರುತ್ತದೆ, ಎಕ್ಸೆಲ್ ಇರುತ್ತದೆ. ಅವುಗಳ ಜೊತೆಗೆ ವೆಬ್‌ಪುಟಗಳೂ ಇರುತ್ತವೆ. ತರಬೇತಿಯ ಪಾಠಮಾಲೆ, ಹುಡುಕುವ ಸೌಲಭ್ಯವುಳ್ಳ ಪಟ್ಟಿ, ಲೆಕ್ಕ ಹಾಕುವ ನಮೂನೆ, ಶಾಲೆಗೆ ಬಂದ ಸಿ.ಡಿ. ಇವೆಲ್ಲ ಅಂತರ್ಜಾಲದಲ್ಲಿ ಇರಬೇಕಾದ ಪುಟಗಳೇ. ಅಂತರ್ಜಾಲ ಸಿಗದ ಕಾರಣ ಗಣಕದ ಹಾರ್ಡ್‌ಡಿಸ್ಕಿನಲ್ಲಿ ಬಂದು ಕುಳಿತಿರುತ್ತವೆ. ಇಂದಿನ ವಿಷಯ ಈ ಪುಟಗಳಿಗೆ ಸಂಬಂಧಿಸಿದ್ದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಸಾಮಾನ್ಯ ಸಭೆಯ ದಿನ. ಮನೆಗಳ ಪಟ್ಟಿಯುಳ್ಳ ಒಂದು ಫೋಲ್ಡರ್ ಪೆನ್‌ಡ್ರೈವಿನಲ್ಲಿ ಬಂದಿದೆ. ಹೆಸರು ಬರೆದರೆ ವಿವರ ತೋರಿಸುವ ಪುಟ ಅದು. ಡಾಟಾ ಎಂಟ್ರಿ ಆಪರೇಟರ್ ಅದರ ಮೇಲೆ ಎರಡು ಸಲ ಒತ್ತುತ್ತಾರೆ. ಪುಟ ತೆರೆದುಕೊಳ್ಳುತ್ತದೆ, ತಲೆಬರಹ ಕಾಣುತ್ತದೆ, ಲಾಂಛನ ಕಾಣುತ್ತದೆ, ಹುಡುಕುವ ಚೌಕವೂ ಕಾಣುತ್ತದೆ. ಆದರೆ ಹೆಸರು ಬರೆದರೆ ಏನೂ ಆಗುವುದಿಲ್ಲ. ಪಟ್ಟಿ ಇರಬೇಕಾದ ಜಾಗ ಬರಿದು. ಸದಸ್ಯರು ಕಾದಿದ್ದಾರೆ, ಊರಿನವರು ಹೊರಗೆ ಕುಳಿತಿದ್ದಾರೆ. ಯಾರೋ ಗಣಕ ಬಲ್ಲ ತರುಣನನ್ನು ಕರೆಸುತ್ತಾರೆ. ಅವನು ಎರಡು ನಿಮಿಷ ಏನೋ ಮಾಡುತ್ತಾನೆ. ಪುಟ ಜೀವ ತಳೆಯುತ್ತದೆ. ಎಲ್ಲರೂ ಅವನನ್ನು ಹೊಗಳುತ್ತಾರೆ. ಅವನು ಆ ಎರಡು ನಿಮಿಷಗಳಲ್ಲಿ ಮಾಡಿದ್ದೇನು ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದೇ ಆಗಿದೆ. ಏಕೆಂದರೆ ಅದೇ ಗಣಕಕ್ಕೆ ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿಯ ಡೋಂಗಲ್ ಚುಚ್ಚಲಾಗುತ್ತದೆ; ಅದೇ ಗಣಕದಲ್ಲಿ ಫಲಾನುಭವಿಗಳ ಆಧಾರ್ ಪ್ರತಿಗಳೂ ಬ್ಯಾಂಕ್ ಪಾಸ್‌ಪುಸ್ತಕದ ಚಿತ್ರಗಳೂ ಇರುತ್ತವೆ.

ಪುಟ ಏಕೆ ಸುಮ್ಮನಾಯಿತು ಎಂಬುದನ್ನು ಮೊದಲು ತಿಳಿಯುವುದು ಉಚಿತ. ವೆಬ್‌ಪುಟದಲ್ಲಿ ಎರಡು ಬಗೆಯ ವಸ್ತು ಇರುತ್ತದೆ. ಒಂದು, ಕಣ್ಣಿಗೆ ಕಾಣುವ ಬರಹ ಮತ್ತು ಚಿತ್ರ. ಅದು ಅಚ್ಚಾದ ಅರ್ಜಿ ನಮೂನೆಯಂತೆ ನಿಶ್ಚಲ. ಇನ್ನೊಂದು, ಕೂಡು, ಹುಡುಕು, ವಿಂಗಡಿಸು, ಇಂಥ ಕಡತವನ್ನು ತಂದು ತೋರಿಸು ಎಂಬ ಆಜ್ಞೆಗಳ ಸರಣಿ. ಇದಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಅರ್ಜಿ ನಮೂನೆಯಿಂದ ಯಾರಿಗೂ ಅಪಾಯವಿಲ್ಲ. ಆಜ್ಞೆಯ ವಿಷಯ ಹಾಗಲ್ಲ. ಆಜ್ಞೆ ಕೊಡುವವನು ಯಾರು, ಅವನಿಗೆ ಎಲ್ಲಿಯವರೆಗೆ ಅಧಿಕಾರವಿದೆ ಎಂಬುದನ್ನು ನೋಡಿಯೇ ಅದನ್ನು ಪಾಲಿಸಬೇಕಾಗುತ್ತದೆ. ಪಂಚಾಯಿತಿಯಲ್ಲಿಯೂ ನಿರ್ಣಯ ಪುಸ್ತಕದಲ್ಲಿ ಬರೆದದ್ದೆಲ್ಲ ನಿರ್ಣಯವಾಗುವುದಿಲ್ಲ. ಕೋರಂ ಇತ್ತೇ, ಸಹಿ ಯಾರದು ಎಂದು ನೋಡುತ್ತಾರೆ.

ಅಂತರ್ಜಾಲದ ತಾಣಗಳ ವಿಷಯದಲ್ಲಿ ಬ್ರೌಸರ್ ಪಾಲಿಸುವ ಮುಖ್ಯ ನಿಯಮವು 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಕಾಲದಿಂದ ಬಂದದ್ದು. ಪ್ರತಿಯೊಂದು ತಾಣವೂ ಒಂದು ಮನೆ. ಒಂದು ಮನೆಯಿಂದ ಬಂದ ಸ್ಕ್ರಿಪ್ಟು ಆ ಮನೆಯ ಸಾಮಾನನ್ನು ಮಾತ್ರ ಮುಟ್ಟಬಹುದು. ಪಕ್ಕದ ಮನೆಯ ಒಳಗೆ ಇಣುಕುವಂತಿಲ್ಲ. ಒಂದು ಕಿಟಕಿಯಲ್ಲಿ ಬ್ಯಾಂಕಿನ ಪುಟ, ಇನ್ನೊಂದರಲ್ಲಿ ಅಡಿಕೆ ಧಾರಣೆಯ ಪುಟ ತೆರೆದಿದ್ದರೂ ಧಾರಣೆಯ ಪುಟಕ್ಕೆ ಬ್ಯಾಂಕಿನ ಲೆಕ್ಕ ಕಾಣದಿರುವುದು ಈ ನಿಯಮದ ದೆಸೆಯಿಂದ. ಯಾವ ಮನೆ ಎಂಬುದನ್ನು ಬ್ರೌಸರ್ ತಿಳಿಯುವುದು ತಾಣದ ವಿಳಾಸದಿಂದ.

ತೊಡಕು ಇರುವುದು ಇಲ್ಲಿಯೇ. ಹಾರ್ಡ್‌ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಇರುವ ಪುಟಕ್ಕೆ ತಾಣದ ವಿಳಾಸವೇ ಇಲ್ಲ. ಅದನ್ನು ತೆರೆದಾಗ ವಿಳಾಸದ ಜಾಗದಲ್ಲಿ ಡ್ರೈವಿನ ಅಕ್ಷರ, ಫೋಲ್ಡರಿನ ಹೆಸರು, ಕಡತದ ಹೆಸರು ಇಷ್ಟೇ ಕಾಣುತ್ತವೆ. ಹಾಗಾದರೆ ಅದು ಯಾವ ಮನೆಯದು? ಈ ಪ್ರಶ್ನೆಗೆ ಬ್ರೌಸರ್ ಕಟ್ಟಿದವರು ಮೊದಲು ಕೊಟ್ಟ ಉತ್ತರ ಸರಳವೂ ಸಹಜವೂ ಆಗಿತ್ತು: ಗಣಕದ ಒಳಗಿರುವುದರಿಂದ ಅದು ಮನೆಯವರದೇ. ಮನೆಯವರಿಗೆ ಅಡುಗೆಮನೆ, ಕಣಜ, ಪೆಟ್ಟಿಗೆ ಯಾವುದಕ್ಕೂ ತಡೆ ಇಲ್ಲವಷ್ಟೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನಲ್ಲಿ ತಾಣಗಳನ್ನು ವಲಯಗಳಾಗಿ ವಿಂಗಡಿಸಲಾಗಿತ್ತು. ಸೆಟ್ಟಿಂಗಿನ ಪುಟದಲ್ಲಿ ನಾಲ್ಕು ವಲಯಗಳು ಕಾಣುತ್ತಿದ್ದವು: ಅಂತರ್ಜಾಲ, ಕಚೇರಿಯ ಒಳಜಾಲ, ನಂಬಿಕೆಯ ತಾಣಗಳು, ನಿರ್ಬಂಧಿತ ತಾಣಗಳು. ಕಾಣದೆ ಇದ್ದ ಐದನೆಯದೊಂದಿತ್ತು. ಅದು ಗಣಕದ ಒಳಗಿನ ಕಡತಗಳ ವಲಯ. ಎಲ್ಲಕ್ಕಿಂತ ಸಡಿಲವಾದ ನಿಯಮಗಳು ಕಣ್ಣಿಗೆ ಬೀಳದ ಆ ವಲಯಕ್ಕೇ ಅನ್ವಯಿಸುತ್ತಿದ್ದವು. ಅಲ್ಲಿ ಓಡುವ ಸ್ಕ್ರಿಪ್ಟು ಕಡತಗಳನ್ನು ಓದಬಲ್ಲದಾಗಿತ್ತು, ಬೇರೆ ಪ್ರೋಗ್ರಾಂಗಳನ್ನು ಚಾಲೂ ಮಾಡಬಲ್ಲದಾಗಿತ್ತು.

ಕಳ್ಳರು ಇದನ್ನು ಅರಿತುಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಹೊರಗಿನ ಪುಟವೊಂದು ತನ್ನ ಸ್ಕ್ರಿಪ್ಟನ್ನು ಹೇಗಾದರೂ ಒಳವಲಯಕ್ಕೆ ದಾಟಿಸಿದರೆ ಸಾಕು, ಅದು ಮನೆಯವರ ವೇಷದಲ್ಲಿ ಎಲ್ಲ ಕೋಣೆಗಳಿಗೂ ಹೋಗುತ್ತಿತ್ತು. 2004ರ ಜೂನ್ ತಿಂಗಳಲ್ಲಿ ನಡೆದ ಡೌನ್‌ಲೋಡ್.ಜೆಕ್ಟ್ ಎಂಬ ದಾಳಿ ಈ ಬಗೆಯದು. ಸಾಮಾನ್ಯ ತಾಣಗಳನ್ನು ನಡೆಸುತ್ತಿದ್ದ ಸರ್ವರುಗಳಿಗೆ ದಾಳಿಕೋರರು ನುಗ್ಗಿ ಅವುಗಳ ಪುಟಗಳಿಗೆ ಸ್ಕ್ರಿಪ್ಟು ಅಂಟಿಸಿದರು. ಆ ತಾಣಗಳನ್ನು ನಂಬಿ ನೋಡಿದವರ ಗಣಕಗಳಲ್ಲಿ, ಅವರು ಒತ್ತಿದ ಕೀಲಿಗಳನ್ನು ದಾಖಲಿಸಿ ಗುಪ್ತಪದಗಳನ್ನು ಕದಿಯುವ ತಂತ್ರಾಂಶ ಸದ್ದಿಲ್ಲದೆ ಸ್ಥಾಪನೆಯಾಗುತ್ತಿತ್ತು. ನೋಡಿದವರ ತಪ್ಪು ಏನೂ ಇರಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್ ಬಿಡುಗಡೆ ಮಾಡಿತು. ಅದರೊಂದಿಗೆ ಒಳವಲಯದ ಬಾಗಿಲಿಗೆ ಅಗುಳಿ ಬಿತ್ತು. ಗಣಕದ ಒಳಗಿನ ಪುಟವನ್ನು ತೆರೆದರೆ ಬರಹ ಕಾಣುತ್ತಿತ್ತು, ಸ್ಕ್ರಿಪ್ಟು ಓಡುತ್ತಿರಲಿಲ್ಲ; ಪುಟದ ನೆತ್ತಿಯಲ್ಲಿ ಒಂದು ಹಳದಿ ಪಟ್ಟಿ ಮೂಡಿ, ಗಣಕದ ರಕ್ಷಣೆಗಾಗಿ ಈ ಕಡತದ ಸಕ್ರಿಯ ಭಾಗವನ್ನು ತಡೆಯಲಾಗಿದೆ ಎಂದು ತಿಳಿಸುತ್ತಿತ್ತು. ಅಂದು ಕಚೇರಿಗಳಲ್ಲೂ ಶಾಲೆಗಳಲ್ಲೂ ಇದ್ದ ಎಷ್ಟೋ ಸಿ.ಡಿ.ಗಳ ಪಾಠಗಳು, ತಂತ್ರಾಂಶಗಳ ಜೊತೆಗೆ ಬಂದ ಸಹಾಯಪುಟಗಳು ಒಂದೇ ದಿನದಲ್ಲಿ ಅರೆಜೀವವಾದವು. ಜನ ಬೇಸರಪಟ್ಟರು. ಪಟ್ಟಿಯ ಮೇಲೆ ಒತ್ತಿ ಅನುಮತಿ ಕೊಡುವುದು ದಿನದ ಅಭ್ಯಾಸವಾಯಿತು. ಅದೂ ಬೇಸರವಾದವರು ಸೆಟ್ಟಿಂಗಿನ ಒಳಗೆ ಹೋಗಿ, ಗಣಕದ ಎಲ್ಲ ಕಡತಗಳಲ್ಲೂ ಸಕ್ರಿಯ ಭಾಗ ಓಡಲಿ ಎಂಬ ಚೌಕಕ್ಕೆ ಗುರುತು ಹಾಕಿ ಅಗುಳಿಯನ್ನೇ ಕಿತ್ತರು.

ಇಲ್ಲಿ ಒಂದು ಸೂಕ್ಷ್ಮವಿದೆ. ತಂತ್ರಜ್ಞರಲ್ಲದವರೂ ಇದನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಇಡೀ ವಿಷಯದ ತಿರುಳು ಇದರಲ್ಲಿದೆ. ಅಗುಳಿ ಹಾಕಿದವರೇ ಒಂದು ಸಾಧುಮಾರ್ಗವನ್ನೂ ತೆರೆದಿಟ್ಟಿದ್ದರು. ಪುಟದ ಮೊದಲಿನಲ್ಲಿ, ಇದು ಅಂತರ್ಜಾಲದಿಂದ ಉಳಿಸಿಕೊಂಡದ್ದು ಎಂಬ ಒಂದು ಸಾಲಿನ ಗುರುತನ್ನು ಬರೆದಿದ್ದರೆ ಬ್ರೌಸರ್ ಆ ಪುಟಕ್ಕೆ ಒಳವಲಯದ ಬೀಗವನ್ನು ಹಾಕದೆ ಅಂತರ್ಜಾಲದ ನಿಯಮವನ್ನೇ ಅನ್ವಯಿಸುತ್ತಿತ್ತು. ಸ್ಕ್ರಿಪ್ಟು ಓಡುತ್ತಿತ್ತು, ಆದರೆ ಅಂತರ್ಜಾಲದ ಯಾವುದೇ ಪುಟಕ್ಕೆ ಸಲ್ಲುವಷ್ಟು ಅವಕಾಶದಲ್ಲಿ ಮಾತ್ರ. ಮನೆಯ ಪೆಟ್ಟಿಗೆಗೆ ಕೈ ಹಾಕುವಂತಿರಲಿಲ್ಲ. ತಾನು ಹೊರಗಿನವನೆಂದು ಒಪ್ಪಿಕೊಂಡವನಿಗೆ ಜಗಲಿಯಲ್ಲಿ ಕೂರಲು ಚಾಪೆ. ಮನೆಯವನೆಂದು ಹೇಳಿಕೊಂಡು ನೇರ ಒಳಗೆ ನುಗ್ಗಿದವನಿಗೆ ತಡೆ. ಮಲೆನಾಡಿನ ಮನೆಗಳಿಗೆ ಈ ಕ್ರಮ ಅಪರಿಚಿತವಲ್ಲ. ಹೊತ್ತು ಮುಳುಗಿದ ಮೇಲೆ ಬಂದ ದಾರಿಹೋಕನಿಗೆ ಆಸರಿಗೆ ಕೊಡುತ್ತಾರೆ, ಮಲಗಲು ಜಗಲಿ ಕೊಡುತ್ತಾರೆ, ಆದರೆ ಒಳಕೋಣೆಯ ಬೀಗದ ಕೈ ಕೊಡುವುದಿಲ್ಲ.

ವಿಂಡೋಸ್ ಗಣಕವು ಇದೇ ಗುರುತನ್ನು ಬೇರೆ ಕಡತಗಳಿಗೂ ಹಾಕುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಕಡತದ ಬೆನ್ನಿಗೆ, ಹೊರಗಿನಿಂದ ಬಂದದ್ದು ಎಂಬ ಚೀಟಿ ಕಾಣದಂತೆ ಅಂಟಿಕೊಂಡಿರುತ್ತದೆ. ಕಡತದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಕೆಳಭಾಗದಲ್ಲಿ ಅನ್‌ಬ್ಲಾಕ್ ಎಂಬ ಚೌಕ ಕಾಣುವುದು ಈ ಚೀಟಿಯ ಕಾರಣದಿಂದ. ಇಳಿಸಿಕೊಂಡ ಸಹಾಯಗ್ರಂಥದ ಕಡತವನ್ನು ತೆರೆದಾಗ ಎಡಗಡೆ ವಿಷಯಸೂಚಿ ಬಂದು ಬಲಗಡೆ ಏನೂ ಬಾರದಿರುವುದಕ್ಕೂ, ಹೊರಗಿನಿಂದ ಬಂದ ಎಕ್ಸೆಲ್ ಕಡತದ ಮ್ಯಾಕ್ರೋಗಳನ್ನು ಈಚಿನ ವರ್ಷಗಳಲ್ಲಿ ತಡೆಹಿಡಿಯುವುದಕ್ಕೂ ಇದೇ ಚೀಟಿ ಕಾರಣ. ಆದರೆ ಈ ಚೀಟಿಗೆ ಒಂದು ದೌರ್ಬಲ್ಯವಿದೆ. ಪೆನ್‌ಡ್ರೈವುಗಳು ಸಾಮಾನ್ಯವಾಗಿ ಬಳಸುವ ಫ್ಯಾಟ್-32, ಎಕ್ಸ್‌ಫ್ಯಾಟ್ ಎಂಬ ಶೇಖರಣಾ ಪದ್ಧತಿಗಳಲ್ಲಿ ಅದು ಉಳಿಯುವುದಿಲ್ಲ. ಪೆನ್‌ಡ್ರೈವಿನಲ್ಲಿ ಹೊಳೆ ದಾಟಿದ ಕಡತವು ಆಚೆ ದಡದಲ್ಲಿ ಇಳಿಯುವ ಹೊತ್ತಿಗೆ ತನ್ನ ಊರಿನ ಗುರುತನ್ನು ಕಳೆದುಕೊಂಡಿರುತ್ತದೆ. ನೆಟ್‌ವರ್ಕ್ ಇಲ್ಲದ ಪಂಚಾಯಿತಿಗಳು ಪೆನ್‌ಡ್ರೈವನ್ನೇ ಅವಲಂಬಿಸಿರುವುದರಿಂದ ಅವುಗಳ ಗಣಕಗಳಲ್ಲಿ ಚೀಟಿಯ ಕಾವಲು ಎಲ್ಲಕ್ಕಿಂತ ದುರ್ಬಲ. ಅಂಥಲ್ಲಿ ಬ್ರೌಸರಿನ ಸ್ವಂತ ತಡೆಯೊಂದೇ ಉಳಿದ ಕಾವಲು. ಅದನ್ನೂ ಕಿತ್ತರೆ ಏನೂ ಉಳಿಯುವುದಿಲ್ಲ.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಈಗ ಇತಿಹಾಸಕ್ಕೆ ಸೇರಿದೆ. 2022ರ ಜೂನ್ 15ರಂದು ಅದರ ಬೆಂಬಲ ನಿಂತಿತು. 2023ರ ಫೆಬ್ರವರಿಯಲ್ಲಿ ವಿಂಡೋಸ್ 10ರ ಸಾಮಾನ್ಯ ಗಣಕಗಳಲ್ಲಿ ಅದನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಲಾಯಿತು. ಇಂದಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಬ್ರೌಸರುಗಳು ತಡೆಯುವ ರೀತಿ ಬೇರೆ. ಅವು ಒಳಗಿನ ಪುಟದ ಸ್ಕ್ರಿಪ್ಟನ್ನು ಪೂರ್ತಿಯಾಗಿ ನಿಲ್ಲಿಸುವುದಿಲ್ಲ. ಪುಟದ ಒಡಲಲ್ಲೇ ಇರುವ ಆಜ್ಞೆಗಳು ಓಡುತ್ತವೆ. ಆದರೆ ಪಕ್ಕದಲ್ಲಿರುವ ಇನ್ನೊಂದು ಕಡತವನ್ನು ಓದಿ ತಾ ಎಂಬ ಆಜ್ಞೆ ನಡೆಯುವುದಿಲ್ಲ. ಗಣಕದ ಪ್ರತಿಯೊಂದು ಕಡತವನ್ನೂ ಒಂದೊಂದು ಬೇರೆ ಮನೆ ಎಂದೇ ಅವು ಎಣಿಸುತ್ತವೆ. ಒಂದೇ ಫೋಲ್ಡರಿನಲ್ಲಿದ್ದರೂ ನೆರೆಮನೆ ನೆರೆಮನೆಯೇ. ಮೇಲೆ ಊಹಿಸಿದ ಪಟ್ಟಿ ಬರಿದಾಗಿ ಕಂಡದ್ದು ಈ ಕಾರಣದಿಂದ: ಹುಡುಕುವ ಪುಟ ಒಂದು ಕಡತ, ಹೆಸರುಗಳ ಪಟ್ಟಿ ಇನ್ನೊಂದು ಕಡತ. ಹಿಂದಿನಂತೆ ಹಳದಿ ಪಟ್ಟಿಯೂ ಈಗ ಬರುವುದಿಲ್ಲ. ದೋಷದ ಸೂಚನೆಯು ಎಫ್-12 ಕೀಲಿ ಒತ್ತಿದರೆ ಕಾಣುವ ತಂತ್ರಜ್ಞರ ಕಿಟಕಿಯಲ್ಲಿ ಮಾತ್ರ ಬಿದ್ದಿರುತ್ತದೆ. ಮೌನವಾಗಿ ತಡೆಯುವುದು ಸುಧಾರಣೆಯೇ ಎಂಬುದು ಚರ್ಚಾಸ್ಪದ. ಹಳದಿ ಪಟ್ಟಿ ಕಾಟ ಕೊಡುತ್ತಿತ್ತು, ಆದರೆ ಕಾರಣವನ್ನಾದರೂ ಹೇಳುತ್ತಿತ್ತು. ಈಗಿನ ಬರಿದಾದ ಪುಟ ನೋಡಿದವರು ಕಡತ ಕಳುಹಿಸಿದವರನ್ನೋ ಆಪರೇಟರನ್ನೋ ದೂರುತ್ತಾರೆ.

ಫೈರ್‌ಫಾಕ್ಸ್ ಈ ಕಟ್ಟುನಿಟ್ಟಿಗೆ ಬಂದದ್ದು ತಡವಾಗಿ, 2019ರ ಜುಲೈಯಲ್ಲಿ, ತನ್ನ 68ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಂದೇ ಫೋಲ್ಡರಿನ ಕಡತಗಳನ್ನು ಅದು ಒಂದೇ ಮನೆಯವೆಂದು ಭಾವಿಸುತ್ತಿತ್ತು. ಬದಲಾವಣೆಗೆ ಕಾರಣವಾದ ಸಂಗತಿಯನ್ನು ಪಂಚಾಯಿತಿ ಸದಸ್ಯರು ವಿಶೇಷವಾಗಿ ತಿಳಿಯಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಜನಪ್ರಿಯವಾದ ಒಂದು ಸಂದೇಶ ಆ್ಯಪ್, ಬಂದ ಕಡತಗಳನ್ನೆಲ್ಲ ಊಹಿಸಬಹುದಾದ ಕ್ರಮದ ಹೆಸರಿನಲ್ಲಿ ಉಳಿಸುತ್ತಿತ್ತು. ದುರುದ್ದೇಶದ ಒಂದು ವೆಬ್‌ಪುಟವನ್ನು ಸಂದೇಶದ ಜೊತೆ ಕಳುಹಿಸಿ, ಪಡೆದವರು ಅದನ್ನು ಫೈರ್‌ಫಾಕ್ಸಿನಲ್ಲಿ ತೆರೆದರೆ, ಆ ಪುಟವು ಬೇರೆಯವರಿಂದ ಬಂದಿದ್ದ ಕಡತಗಳನ್ನೂ ಓದಬಲ್ಲದು ಎಂದು ಸಂಶೋಧಕರೊಬ್ಬರು ಮಾಡಿ ತೋರಿಸಿದರು. ಪಿಂಚಣಿಗಾಗಿ ಅಜ್ಜಿಯೊಬ್ಬರ ಆಧಾರ್ ಚಿತ್ರ, ಮನೆ ಮಂಜೂರಾತಿಗಾಗಿ ಒಬ್ಬರ ಪಾಸ್‌ಪುಸ್ತಕದ ಚಿತ್ರ, ನರೇಗಾ ಕೆಲಸಕ್ಕಾಗಿ ಜಾಬ್ ಕಾರ್ಡಿನ ಚಿತ್ರ, ಇವೆಲ್ಲ ಸದಸ್ಯರ ಫೋನಿಗೂ ಆಪರೇಟರರ ಫೋನಿಗೂ ಸಂದೇಶವಾಗಿಯೇ ಬರುತ್ತವೆಯಲ್ಲವೇ. ಅವೆಲ್ಲ ಒಂದೇ ಫೋಲ್ಡರಿನಲ್ಲಿ ರಾಶಿ ಬಿದ್ದಿರುತ್ತವೆ. ಒಂದು ಪುಟಕ್ಕೆ ಪಕ್ಕದ ಕಡತವನ್ನು ಓದುವ ಅಧಿಕಾರ ಕೊಡುವುದೆಂದರೆ ಆ ರಾಶಿಯನ್ನು ಬಿಚ್ಚಿಟ್ಟಂತೆ.

ಮೇಲಿನ ಸಂದರ್ಭದ ತರುಣನು ಆ ಎರಡು ನಿಮಿಷಗಳಲ್ಲಿ ಮಾಡಿರಬಹುದಾದದ್ದು ಇಷ್ಟು. ಕ್ರೋಮ್ ಬ್ರೌಸರಿನ ಶಾರ್ಟ್‌ಕಟ್ಟಿನ ಗುಣಲಕ್ಷಣಗಳನ್ನು ತೆರೆದು, ಟಾರ್ಗೆಟ್ ಎಂಬ ಸಾಲಿನ ಕೊನೆಗೆ, ಕಡತಗಳು ಪರಸ್ಪರ ಓದಿಕೊಳ್ಳಲಿ ಎಂಬ ಅರ್ಥದ ‘ಅಲೋ-ಫೈಲ್-ಆಕ್ಸೆಸ್-ಫ್ರಂ-ಫೈಲ್ಸ್’ ಎಂಬ ಸೂಚನೆಯನ್ನು ಸೇರಿಸಿರುತ್ತಾನೆ. ಇನ್ನೂ ಆತುರದವನಾದರೆ ‘ಡಿಸೇಬಲ್-ವೆಬ್-ಸೆಕ್ಯುರಿಟಿ’ ಎಂಬುದನ್ನು ಸೇರಿಸಿರುತ್ತಾನೆ. ಇದು ಒಳಗಿನ ಪುಟಗಳಿಗೆ ಮಾತ್ರವಲ್ಲ, ತಾಣ ತಾಣಗಳ ನಡುವಿನ ಗೋಡೆಯನ್ನೇ ಕೆಡವುತ್ತದೆ. ಫೈರ್‌ಫಾಕ್ಸ್ ಆದರೆ ಒಳಸೆಟ್ಟಿಂಗಿನಲ್ಲಿ ಒಂದು ಪದವನ್ನು ಸರಿ ಎಂಬುದರಿಂದ ತಪ್ಪು ಎಂಬುದಕ್ಕೆ ಬದಲಿಸಿರುತ್ತಾನೆ. ಅವನಿಗೆ ಕೆಡುಕಿನ ಉದ್ದೇಶವಿರಲಿಲ್ಲ. ಆದರೆ ಸಭೆ ಮುಗಿದು ಪಟ್ಟಿಯ ಕೆಲಸ ತೀರಿದ ಮೇಲೆ ಆ ಸೆಟ್ಟಿಂಗನ್ನು ಹಿಂದಕ್ಕೆ ಯಾರೂ ಬದಲಿಸುವುದಿಲ್ಲ. ಮರುದಿನ ಅದೇ ಶಾರ್ಟ್‌ಕಟ್ಟಿನಿಂದ ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮಸ್ವರಾಜ್ ತೆರೆಯುತ್ತಾರೆ, ಡೋಂಗಲ್ ಚುಚ್ಚುತ್ತಾರೆ. ಒಂದು ಪಟ್ಟಿಯ ಸಲುವಾಗಿ ತೆಗೆದ ಅಗುಳಿ ವರ್ಷಗಟ್ಟಲೆ ತೆಗೆದೇ ಇರುತ್ತದೆ.

ಡಿಜಿಟಲ್ ಸಹಿಯ ಮಾತು ಬಂದುದರಿಂದ ಕಾನೂನಿನ ಒಂದು ಅಂಶವನ್ನು ಹೇಳುವುದು ಅವಶ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೆಯ ಕಲಮಿನ ಪ್ರಕಾರ ಇಂತಹ ಸಹಿಗೆ ಕಾನೂನಿನ ಮಾನ್ಯತೆ ಇದೆ. ಅದೇ ಕಾಯ್ದೆಯ 42ನೆಯ ಕಲಮು, ಸಹಿಯ ಖಾಸಗಿ ಕೀಲಿಯು ಬೇರೆಯವರ ಕೈಗೆ ಹೋಗದಂತೆ ಸಮಂಜಸವಾದ ಎಚ್ಚರ ವಹಿಸುವ ಹೊಣೆಯನ್ನು ಸಹಿಯ ಒಡೆಯರ ಮೇಲೆಯೇ ಇರಿಸಿದೆ. ಆಪರೇಟರ್ ಮೇಲೆ ಅಲ್ಲ, ತರುಣನ ಮೇಲೆ ಅಲ್ಲ. ಡೋಂಗಲನ್ನು ಬೆಳಗಿನಿಂದ ಸಂಜೆಯವರೆಗೆ ಗಣಕಕ್ಕೆ ಚುಚ್ಚಿಯೇ ಬಿಟ್ಟು, ಅದರ ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವ ಅಭ್ಯಾಸವನ್ನು ಈ ಕಲಮಿನ ಎದುರಿಗೆ ಇಟ್ಟು ನೋಡಬೇಕು. ಸಹಿಯ ಒಡೆಯರು ಅಧ್ಯಕ್ಷರು. ಅಧ್ಯಕ್ಷರ ಸ್ಥಾನಕ್ಕೆ ಇಂದಿನ ಯಾವ ಸದಸ್ಯರೂ ನಾಳೆ ಬರಬಹುದು.

ಒಳಗಿನ ವೆಬ್‌ಪುಟದಿಂದ ಬರುವ ಇನ್ನೊಂದು ಅಪಾಯಕ್ಕೆ ಸೆಟ್ಟಿಂಗ್ ಬದಲಿಸುವ ಅಗತ್ಯವೂ ಇಲ್ಲ. ಇ-ಮೇಲ್ ಅಥವಾ ಸಂದೇಶದ ಜೊತೆ ಬಂದ ಪುಟವು ಬ್ಯಾಂಕಿನ ಇಲ್ಲವೇ ಸರ್ಕಾರಿ ತಾಣದ ಲಾಗಿನ್ ಪುಟದ ಪ್ರತಿರೂಪವಾಗಿರಬಹುದು. ಗುಪ್ತಪದ ಬರೆದರೆ ಅದು ಕಳ್ಳನ ಸರ್ವರಿಗೆ ಹೋಗುತ್ತದೆ. ಅಥವಾ ಪುಟವು ತನ್ನ ಒಡಲಿನಲ್ಲೇ ಹುದುಗಿಸಿಟ್ಟ ತುಣುಕುಗಳನ್ನು ಜೋಡಿಸಿ, ಗಣಕದ ಒಳಗೇ ಒಂದು ಹಾನಿಕರ ಕಡತವನ್ನು ಕಟ್ಟಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಳಿಸಬಹುದು. ದಾರಿಯ ತಪಾಸಣೆಯಲ್ಲಿ ಸಿಕ್ಕಿಬೀಳದಿರಲು ಹೂಡಿದ ಉಪಾಯ ಇದು. ಮೊದಲನೆಯದನ್ನು ಗುರುತಿಸುವ ಕುರುಹು ಇದು: ಲಾಗಿನ್ ಕೇಳುವ ಪುಟದ ವಿಳಾಸದ ಜಾಗದಲ್ಲಿ ತಾಣದ ಹೆಸರಿಲ್ಲದೆ ಡ್ರೈವಿನ ಅಕ್ಷರವೋ ಫೋಲ್ಡರಿನ ಹೆಸರೋ ಇದ್ದರೆ ಅದನ್ನು ಕೂಡಲೇ ಮುಚ್ಚಬೇಕು. ಗುಪ್ತಪದ ಕೇಳುವ ಹಕ್ಕು ಹಾರ್ಡ್‌ಡಿಸ್ಕಿನ ಯಾವ ಪುಟಕ್ಕೂ ಇಲ್ಲ.

ಹಾಗೆಂದು ನೆಟ್‌ವರ್ಕ್ ಇಲ್ಲದ ಊರುಗಳು ವೆಬ್‌ಪುಟಗಳನ್ನೇ ತ್ಯಜಿಸಬೇಕೆಂದಲ್ಲ. ಅದು ಅನ್ಯಾಯವಾದೀತು. ದಡದಾಚೆಯವರಿಗೆ ಸೌಲಭ್ಯ ಎಂದೂ ತಡವಾಗಿಯೇ ತಲುಪಿದೆ. ಭದ್ರತೆಯ ಹೆಸರಿನಲ್ಲಿ ಇದ್ದದ್ದನ್ನೂ ಕಸಿಯಬಾರದು. ತಡೆಯನ್ನು ಮುರಿಯದೆ ಕೆಲಸ ಮಾಡುವ ದಾರಿಗಳಿವೆ, ಮತ್ತು ಅವುಗಳಲ್ಲಿ ಮೊದಲನೆಯದು ಕಡತ ಕಳುಹಿಸುವವರ ಕರ್ತವ್ಯ. ಬರೀ ಓದುವ ವಿಷಯವಾದರೆ ಪಿಡಿಎಫ್ ಸಾಕು. ಹುಡುಕುವ ಪಟ್ಟಿಯಾದರೆ ಪಟ್ಟಿಯನ್ನೂ ಸ್ಕ್ರಿಪ್ಟನ್ನೂ ಪುಟದ ಒಡಲಲ್ಲೇ ಸೇರಿಸಿ ಒಂದೇ ಕಡತವಾಗಿ ಮಾಡಬಹುದು. ಹಾಗೆ ಮಾಡಿದ ಪುಟ ನೆರೆಯ ಕಡತವನ್ನು ಕೇಳುವುದೇ ಇಲ್ಲವಾದ್ದರಿಂದ ಯಾವ ಬ್ರೌಸರಿನಲ್ಲಿಯೂ ತಡೆಯಿಲ್ಲದೆ ಓಡುತ್ತದೆ. ತಂತ್ರಜ್ಞರಿಗೆ ಇದು ಅರ್ಧ ದಿನದ ಕೆಲಸ. ಆದ್ದರಿಂದ ಬರಿದಾದ ಪುಟ ಬಂದಾಗ ಸದಸ್ಯರು ಸೆಟ್ಟಿಂಗ್ ತೆಗೆಯಿರಿ ಎನ್ನುವ ಬದಲು, ಒಂದೇ ಕಡತವಾಗಿ ಮತ್ತೆ ಕಳುಹಿಸಿ ಎಂದು ಕಳುಹಿಸಿದ ಕಚೇರಿಗೆ ಬರೆಯುವಂತೆ ಹೇಳಬಹುದು. ಹಾಗೆ ಬರೆಯುವುದು ಪಂಚಾಯಿತಿಯ ಹಕ್ಕೇ ಹೊರತು ಬೇಡಿಕೆಯಲ್ಲ.

ಎರಡನೆಯ ದಾರಿ, ಗಣಕದ ಒಳಗೆ ಒಂದು ಚಿಕ್ಕ ಸರ್ವರ್ ಇಟ್ಟುಕೊಳ್ಳುವುದು. ಹೆಸರು ದೊಡ್ಡದು, ಕೆಲಸ ಚಿಕ್ಕದು. ಆಗ ಪುಟಗಳಿಗೆ ಲೋಕಲ್‌ಹೋಸ್ಟ್ ಎಂಬ ವಿಳಾಸ ದೊರೆಯುತ್ತದೆ. ವಿಳಾಸ ದೊರೆತ ಕೂಡಲೇ ಬ್ರೌಸರ್ ಅವನ್ನೆಲ್ಲ ಒಂದು ಮನೆ ಎಂದು ಗುರುತಿಸಿ, ಆ ಮನೆಯ ಒಳಗೆ ಮಾತ್ರ ಓಡಾಡಲು ಬಿಡುತ್ತದೆ. ವ್ಯಾಪಾರಿಗಳೂ ಲೆಕ್ಕಿಗರೂ ಬಳಸುವ ಜಿಎಸ್‌ಟಿಯ ಆಫ್‌ಲೈನ್ ಸಾಧನ ನಡೆದುಕೊಂಡು ಬಂದದ್ದು ಹೀಗೆಯೇ. ಅಂತರ್ಜಾಲವಿಲ್ಲದೆ ವಿಕಿಪೀಡಿಯ ಓದಲು ಅನುಕೂಲ ಮಾಡುವ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿಯೂ ಈ ವ್ಯವಸ್ಥೆಯಿದೆ. ಗ್ರಂಥಾಲಯದ ಒಂದು ಗಣಕದಲ್ಲಿ ಅದನ್ನು ಇಟ್ಟರೆ ಅದೇ ಕೋಣೆಯ ಬೇರೆ ಗಣಕಗಳಿಂದಲೂ ಓದಬಹುದು.

ಮೂರನೆಯದಕ್ಕೆ ಹಣವೂ ಹೆಚ್ಚು ಬೇಡ, ತಂತ್ರಜ್ಞಾನವೂ ಬೇಡ. ಪೆನ್‌ಡ್ರೈವಿನಲ್ಲಿ ಬಂದ ಪುಟಗಳನ್ನು ತೆರೆಯಲು ಒಂದು ಗಣಕವನ್ನು ಬೇರೆಯಾಗಿ ಇಡುವುದು. ಅದಕ್ಕೆ ಡೋಂಗಲ್ ಎಂದೂ ಚುಚ್ಚದಿರುವುದು, ಅದರಲ್ಲಿ ಫಲಾನುಭವಿಗಳ ದಾಖಲೆ ಇಡದಿರುವುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಗಣಕಗಳಿರುವ ಕಡೆ ಅದರಲ್ಲೊಂದು ಈ ಕೆಲಸಕ್ಕೆ ಒದಗೀತು. ಅನ್‌ಬ್ಲಾಕ್ ಚೌಕವನ್ನು ಬಳಸಲೇಬೇಕಾದ ಸಂದರ್ಭದಲ್ಲಿ, ಕಳುಹಿಸಿದವರಿಗೆ ದೂರವಾಣಿ ಮಾಡಿ ಕಡತದ ಹೆಸರನ್ನು ಖಚಿತಪಡಿಸಿಕೊಂಡು, ಆ ಒಂದು ಕಡತಕ್ಕೆ ಮಾತ್ರ ಬಳಸಬೇಕು.

ಕಚೇರಿಯ ಗಣಕದಲ್ಲಿ ಅಗುಳಿ ಈಗಾಗಲೇ ತೆಗೆದಿದೆಯೇ ಎಂದು ನೋಡುವುದು ಕಷ್ಟವಲ್ಲ. ಬ್ರೌಸರಿನ ಪ್ರತಿಯೊಂದು ಶಾರ್ಟ್‌ಕಟ್ಟಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲನ್ನು ಕೊನೆಯವರೆಗೆ ಓದಬೇಕು. ಸಾಮಾನ್ಯವಾಗಿ ಆ ಸಾಲು ಬ್ರೌಸರಿನ ಕಡತದ ಹೆಸರಿಗೆ ಮುಗಿಯುತ್ತದೆ. ಅದರಾಚೆಗೆ ಎರಡು ಅಡ್ಡಗೀಟುಗಳಿಂದ ಶುರುವಾಗುವ ಪದಗಳಿದ್ದರೆ, ಅವು ಏಕೆ ಬಂದವೆಂದು ಆಪರೇಟರನ್ನು ಸಮಾಧಾನವಾಗಿ ಕೇಳಬೇಕು. ಗದರಿ ಕೇಳಿದರೆ ಮುಂದಿನ ಸಲ ಅವರು ಹೇಳುವುದಿಲ್ಲ. ಮೇಲೆ ಹೇಳಿದ ಎರಡು ಸೂಚನೆಗಳಲ್ಲಿ ಯಾವುದಾದರೂ ಇದ್ದರೆ ಆ ಶಾರ್ಟ್‌ಕಟ್ಟನ್ನು ಅಳಿಸಿ ಹೊಸದನ್ನು ಮಾಡಿಕೊಂಡರೆ ಸಾಕು. ಕ್ರೋಮ್ ತೆರೆದ ಕೂಡಲೇ, ಬೆಂಬಲವಿಲ್ಲದ ಸೂಚನೆಯನ್ನು ಬಳಸಲಾಗುತ್ತಿದೆ, ಭದ್ರತೆಗೆ ಧಕ್ಕೆಯಾಗುತ್ತದೆ ಎಂಬ ಪಟ್ಟಿ ಮೇಲ್ಗಡೆ ಬಂದರೆ ಅದನ್ನು ಮುಚ್ಚಿ ಮುಂದುವರಿಯಬಾರದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಗಣಕಗಳನ್ನು ಬದಲಿಸುವ ವಿಷಯವೂ ಕ್ರಿಯಾಯೋಜನೆಯ ಚರ್ಚೆಯಲ್ಲಿ ಬರುವುದು ಯೋಗ್ಯ.

ಅನುಮಾನಾಸ್ಪದ ಪುಟವನ್ನು ತೆರೆದಾಗಿದೆ, ಗುಪ್ತಪದವನ್ನೂ ಬರೆದಾಗಿದೆ ಎಂದಾದರೆ, ಮೊದಲು ಡೋಂಗಲನ್ನು ಹೊರಗೆ ತೆಗೆದು, ಗಣಕದ ಜಾಲಸಂಪರ್ಕವನ್ನು ಕಡಿದು, ಬೇರೊಂದು ಗಣಕದಿಂದ ಗುಪ್ತಪದ ಬದಲಿಸಬೇಕು. ಹಣ ಹೋಗಿದ್ದರೆ ಅಥವಾ ಹೋಗುವ ಶಂಕೆ ಇದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಇಲ್ಲಿ ಕಳೆಯುವ ಪ್ರತಿ ಗಂಟೆಯೂ ಹಣ ಹಿಂದಿರುಗುವ ಸಾಧ್ಯತೆಯನ್ನು ಕುಗ್ಗಿಸುತ್ತದೆ. ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳ ಒಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ 6 ಗಂಟೆ ಎಂಬುದು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಕರಗಬಹುದು. ಆದ್ದರಿಂದ ಪಿಡಿಒ ಅವರಿಗೆ ಸ್ಥಿರ ದೂರವಾಣಿಯಿಂದಲೋ ಯಾರ ಮುಖಾಂತರವೋ ಮೊದಲು ತಿಳಿಸುವ ಏರ್ಪಾಡನ್ನು, ತಾಲ್ಲೂಕು ಪಂಚಾಯಿತಿಯಲ್ಲಿ ಯಾರಿಗೆ ಹೇಳಬೇಕೆಂಬ ಹೆಸರು ಮತ್ತು ಸಂಖ್ಯೆಯೊಂದಿಗೆ, ಕಚೇರಿಯ ಗೋಡೆಯ ಮೇಲೆ ಬರೆದು ಅಂಟಿಸಿಡಬೇಕು. ಕ್ಯಾಲೆಂಡರಿನ ಅಂಚಿನಲ್ಲಿ ಬರೆದ ಗುಪ್ತಪದವನ್ನು ಅಳಿಸಿದ ಜಾಗವೇ ಇದಕ್ಕೆ ಒದಗುತ್ತದೆ.